ತೊಟ್ಟು ಮುರಿದ ಎಲೆಗಳು

ಶ್ರಾವಣದ ಮೂರನೆಯ ಸೋಮವಾರ ಸಂಜೆ ಪ್ರಯೋಗಾಲಯಕ್ಕೆ ಎಲೆಗಳು ಬಂದವು. ಮಂಗಳವಾರ ಅವನ್ನು ಅರೆದರು, ಬುಧವಾರ ಪರೀಕ್ಷೆಗೆ ಹಾಕಿದರು, ಗುರುವಾರ ಮಧ್ಯಾಹ್ನ ಫಲಿತಾಂಶ ಓದಿ ವರದಿ ಕೊಟ್ಟರು. ಶುಕ್ರವಾರ ಬೆಳಗಿನ ಚಹಾದ ಹೊತ್ತಿಗೆ ಆ ವರದಿಯ ಫೋಟೊ ಪುಣೆ ಜಿಲ್ಲೆಯ ಖೇಡ, ಮಂಚರ ಭಾಗದ ಆಲೂಗಡ್ಡೆ ಬೆಳೆಗಾರರ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು. ಅದೇ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಫ್ರಿಜ್ಜಿನಲ್ಲಿ ಉಳಿದಿದ್ದ ಎಲೆಗಳ ಚೀಲವನ್ನು ಅಲ್ಲಿನ ಪರೀಕ್ಷಕಿ ರೇಣು ತೆರೆದು ನೋಡಿದಳು. ಈ ಕೆಲಸಗಳಲ್ಲಿ ಕೊನೆಯದು ಮೊದಲು ಆಗಬೇಕಿತ್ತು.

ಚೀಲದೊಳಗೆ ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆ. ಬಟ್ಟೆಯೊಳಗೆ, ಒಂದರ ಮೇಲೊಂದು ಅಂಚು ಕೂಡಿಸಿ ಜೋಡಿಸಿದ ಎಲೆಗಳು. ಆಲೂಗಡ್ಡೆಯ ಎಲೆಯೆಂದರೆ ಒಂದೇ ಕಡ್ಡಿಗೆ ಐದಾರು ಎಸಳು ಅಂಟಿಕೊಂಡಿರಬೇಕು. ಇಲ್ಲಿ ಪ್ರತಿಯೊಂದರಿಂದಲೂ ತುದಿಯ ಮೂರು ಎಸಳುಗಳನ್ನು ಮಾತ್ರ ಬಿಡಿಸಿಕೊಳ್ಳಲಾಗಿತ್ತು. ತೂತಿಲ್ಲ, ಹರಿದಿಲ್ಲ, ಮಚ್ಚೆಯಿಲ್ಲ. ತಣ್ಣೀರಿನಲ್ಲಿ ತೊಳೆದ ಹಸಿರು ಇನ್ನೂ ಹೊಳೆಯುತ್ತಿತ್ತು. ತೊಟ್ಟಿನ ಗಂಟನ್ನು ಉಗುರಿನಿಂದ ಚಿವುಟಿ ಮುರಿಯಲಾಗಿತ್ತು, ಒಂದೂ ಬಿಡದೆ.

ಆ ಜೋಡಣೆಯನ್ನು ರೇಣು ಪ್ರತಿದಿನ ಬೆಳಿಗ್ಗೆ ನೋಡುತ್ತಿದ್ದಳು. ಪುಣೆಯ ಬಿಬವೇವಾಡಿಯ ಮನೆಯಲ್ಲಿ, ದೇವರ ಕೋಣೆಯ ಹೊಸ್ತಿಲ ಬಳಿ, ತಾಮ್ರದ ತಟ್ಟೆಯಲ್ಲಿ. ಮಾಮಾ ಶಂಕ್ರೆಪ್ಪ ಬಿಲ್ವಪತ್ರಿಯನ್ನು ಹೀಗೆಯೇ ಆರಿಸುತ್ತಿದ್ದ: ಮೂರು ದಳ ಕೂಡಿರಬೇಕು, ಹುಳು ಮುಟ್ಟಿರಬಾರದು, ತೊಟ್ಟಿನ ಗಂಟು ತೆಗೆದಿರಬೇಕು. ಪತ್ರಿಯ ವಿಷಯದಲ್ಲಿ ಅದು ಸರಿ. ಆಲೂಗಡ್ಡೆಯ ಎಲೆಸುರುಳಿ ವೈರಸ್ಸಿನ ವಿಷಯದಲ್ಲಿ ಅದರಷ್ಟು ಪೂರ್ಣವಾದ ತಪ್ಪನ್ನು ಬೇಕೆಂದೇ ಯೋಜಿಸಿದರೂ ಮಾಡಲಾಗದು. ಆ ವೈರಸ್ಸು ಎಲೆಯ ತುಂಬ ಹರಡಿಕೊಂಡಿರುವುದಿಲ್ಲ. ಸಿಹಿರಸ ಸಾಗಿಸುವ ನಾಳಗಳೊಳಗೆ ಮಾತ್ರ ಇರುತ್ತದೆ. ನಾಳಗಳು ಕಿಕ್ಕಿರಿದಿರುವುದು ತೊಟ್ಟಿನಲ್ಲಿ. ಹುಡುಕಬೇಕಾದ ಜಾಗವನ್ನೇ ಮುರಿದು ಬಿಸಾಡಿ, ಉಳಿದದ್ದನ್ನು ಮಾಮಾ ಭಕ್ತಿಯಿಂದ ತೊಳೆದು ತಂದಿದ್ದ.

ರೇಣು ಚೀಲವನ್ನು ಹಾಗೆಯೇ ಎತ್ತಿಕೊಂಡು ಮೇಲಧಿಕಾರಿ ಸ್ನೇಹಲ್ ಅವರ ಕೋಣೆಗೆ ಹೋದಳು. ಮಗರಪಟ್ಟಾದ ಐಟಿ ಕಚೇರಿಗಳ ಬೆನ್ನಿಗೆ, ಎರಡು ಮಹಡಿಯ ಕಟ್ಟಡದಲ್ಲಿರುವ ಆ ಖಾಸಗಿ ಸಸ್ಯರೋಗ ಪ್ರಯೋಗಾಲಯವನ್ನು ಸ್ನೇಹಲ್ ಹತ್ತು ವರ್ಷಗಳಿಂದ ನಡೆಸುತ್ತಿದ್ದರು. ಯಾವ ಮಾದರಿಯನ್ನು ಕಂಡೂ ಅವರು ಬೆರಗಾದದ್ದನ್ನು ಯಾರೂ ನೋಡಿರಲಿಲ್ಲ.

"ಅಗ ರೇಣೂ, ಇವು ನಿನ್ನ ಮಾಮಾಂಚೀ ಎಲೆಗಳಲ್ಲವೆ? ನೀನು ಮುಟ್ಟಬಾರದು ಅಂತ ನೀನೇ ಬರೆದುಕೊಟ್ಟಿದ್ದೀ."

"ಹೌದು ಮೇಡಂ. ಅದಕ್ಕೇ ಮುಟ್ಟಲಿಲ್ಲ. ಮುಟ್ಟಿದ್ದರೆ ಸೋಮವಾರವೇ ವಾಪಸು ಕಳಿಸುತ್ತಿದ್ದೆ."

ಸಂಬಂಧಿಕರ ಮಾದರಿಯನ್ನು ತಾನು ಪರೀಕ್ಷಿಸುವುದಿಲ್ಲವೆಂಬ ಆ ನಿಯಮವನ್ನು ರೇಣು ತಾನಾಗಿಯೇ ಮುಂದೆ ಮಾಡಿದ್ದಳು. ಆದ್ದರಿಂದ ಸಹೋದ್ಯೋಗಿ ಕಿಶೋರ ಎಲೆಗಳನ್ನು ತೆಗೆದುಕೊಂಡ, ಕಿಶೋರ ಅರೆದ. ಕಿಶೋರನಿಗೆ ಎಲೆ ಎಂದರೆ ಎಲೆ.

ಸ್ನೇಹಲ್ ಒಂದು ಎಸಳನ್ನು ಬೆಳಕಿಗೆ ಹಿಡಿದು ನೋಡಿದರು. "ಛಾನ್ ಆಹೇ. ಇಷ್ಟು ಚಂದದ ಮಾದರಿ ನಮಗೆ ಯಾವತ್ತೂ ಬಂದಿರಲಿಲ್ಲ," ಎಂದರು. "ನಮ್ಮ ವರದಿ ತಪ್ಪಲ್ಲ. ಸಲ್ಲಿಸಿದ ಮಾದರಿಯಲ್ಲಿ ವೈರಸ್ ಕಂಡುಬಂದಿಲ್ಲ ಅಂತ ಬರೆದಿದ್ದೇವೆ. ಸಲ್ಲಿಸಿದ ಮಾದರಿಯಲ್ಲಿ."

"ಆ ಎರಡು ಪದಗಳನ್ನು ಯಾರೂ ಓದುವುದಿಲ್ಲ ಮೇಡಂ."

"ಓದುವುದಿಲ್ಲ," ಎಂದು ಸ್ನೇಹಲ್ ಒಪ್ಪಿಕೊಂಡರು.

* * *

ಓದಿದ್ದರೆ ಚಿಂತೆಯಿರಲಿಲ್ಲ. ಶಂಕ್ರೆಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬಿತ್ತನೆ ಆಲೂಗಡ್ಡೆಯ ವ್ಯಾಪಾರ ಮಾಡುತ್ತಿದ್ದ. ಪಂಜಾಬಿನಿಂದ ಬಂದ ಬೀಜದ ಗೆಡ್ಡೆಗಳನ್ನು ನಂದಿಯ ಚಿತ್ರವಿದ್ದ ಚೀಲಗಳಿಗೆ ತುಂಬಿ, ಅರ್ಧವನ್ನು ಮಳೆಗಾಲದ ಬಿತ್ತನೆಗೆ ಮಾರಿ, ಇನ್ನರ್ಧವನ್ನು ಹಿಂಗಾರಿಗಾಗಿ ಚಾಕಣದ ಶೀತಗೃಹದಲ್ಲಿ ಇಡುವುದು ಅವನ ಪದ್ಧತಿ. ಸಾತಗಾಂವ್ ಪಠಾರವೆಂಬ ಎತ್ತರದ ಬಯಲಿನ ರೈತರು ಅದನ್ನು ನಂದಿ ಬಿಯಾಣೆ, ಅಂದರೆ ನಂದಿ ಬೀಜ, ಎಂದೇ ಕೇಳಿ ಒಯ್ಯುತ್ತಿದ್ದರು. ಈ ಸಲ ಅಲ್ಲಿ ಬಬನ್‌ರಾವ್ ಪೋಖರ್ಕರ್ ಎಂಬ ರೈತನ ಹೊಲದಲ್ಲಿ ಗಿಡಗಳು ಕುಳ್ಳಾಗಿ, ಎಲೆಗಳು ಮಡಚಿಕೊಂಡು ನಿಂತಿದ್ದವು. ಬೀಜದಲ್ಲೇ ದೋಷವಿದೆ ಎಂದು ಬಬನ್‌ರಾವ್ ಹೇಳಿದ. ಹವಾಮಾನದ್ದು ಎಂದು ಶಂಕ್ರೆಪ್ಪ ಹೇಳಿದ. ಪರೀಕ್ಷೆ ಮಾಡಿಸೋಣ ಎಂದು ಇಬ್ಬರೂ ಒಪ್ಪಿದರು. ಬರುವ ಶುಕ್ರವಾರ ಚಾಕಣದಿಂದ ಲಾರಿಗಳು ಹೊರಡಬೇಕಿತ್ತು. ಒಳಗಿದ್ದದ್ದು ಅದೇ ಪಂಜಾಬಿನ ಅದೇ ತಳಿ, ಅದೇ ರವಾನೆ. ಅದರಲ್ಲಿ ವೈರಸ್ ಇದ್ದರೆ ಹಿಂಗಾರಿನಲ್ಲಿ ಮಡಚಿಕೊಳ್ಳುವುದು ಒಬ್ಬ ಬಬನ್‌ರಾವನ ಹೊಲವಲ್ಲ, ಇಡೀ ಪಠಾರ.

ಅಂದು ಸಂಜೆ ರೇಣು ಮನೆಗೆ ಬಂದಾಗ ಶಂಕ್ರೆಪ್ಪ ಪಡಸಾಲೆಯಲ್ಲಿ ಕುಳಿತು ಫೋನನ್ನು ಕಣ್ಣಿನಿಂದ ದೂರ ಹಿಡಿದು ಅಭಿನಂದನೆಗಳನ್ನು ಓದುತ್ತಿದ್ದ. ಕೆಲಸಕ್ಕೆ ಸೇರಿದಾಗಿನಿಂದ ರೇಣು ಆ ಮನೆಯ ಮೇಲಿನ ಕೋಣೆಯಲ್ಲಿದ್ದಳು. ಅವಳ ತಂದೆತಾಯಿ ಇಳಕಲ್ಲಿನಲ್ಲಿ.

"ಬಾರವಾ. ನಿಮ್ಮ ಲ್ಯಾಬಿನ ಮಂದಿ ಭಾಳ ಶಾಣ್ಯಾ ಇದ್ದಾರ ನೋಡು. ಒಂದ ಮಾತಿನಾಗ ಬಬನ್ಯಾನ ಬಾಯಿ ಬಂದ್ ಮಾಡಿದ್ರು."

"ಮಾಮಾ, ಆ ಎಲಿ ನೀವ ಹರಕೊಂಡ ಬಂದ್ರೇನು?"

"ನಾನ ಮತ್ತ. ಸೋಮವಾರ ಭೀಮಾಶಂಕರಕ್ಕ ಹೋಗಿದ್ನೆಲ್ಲ, ಬರೂಮುಂದ ಅವನ ಹೊಲಕ್ಕ ಹೋಗಿ ಬಂದೆ. ಆಳಿನ ಕೈಲೆ ತರಸಿದ್ರ ನಾಳಿ ಮಂದಿ ಏನರ ಅಂದಾರು ಅಂತ."

"ರೋಗ ಹತ್ತಿದ್ದ ಗಿಡದ್ದು ತಂದ್ರೊ, ಚೊಲೊ ಗಿಡದ್ದು ತಂದ್ರೊ?"

"ರೋಗ ಹತ್ತಿದ ಹೊಲದಾಗಿಂದು ತಂದೇನಿ."

"ಹೊಲ ಅಲ್ರಿ. ಗಿಡ."

ಶಂಕ್ರೆಪ್ಪ ಫೋನನ್ನು ತೊಡೆಯ ಮೇಲಿಟ್ಟ. "ಅಲ್ಲವಾ, ದೇವರ ದರ್ಶನಾ ಮಾಡಿ, ಮಡೀಲೆ ಬಂದೇನಿ. ಮುದುಡಿದ್ದು, ಮಣ್ಣ ಹತ್ತಿದ್ದು, ಅಂಥಾ ಎಲಿ ನಿಮ್ಮ ಮಶೀನಿಗೆ ಹ್ಯಾಂಗ ಕೊಡ್ಲಿ? ಹುಡುಗಿ ಕೆಲಸಾ ಮಾಡೂ ಜಾಗಾ. ನಿನ್ನ ಹೆಸರಿಗೆ ಕಮೀಪಣಾ ಬರಬಾರದು."

"ಡಾಕ್ಟರ ಹಂತ್ಯಾಕ ಹೋದ್ರ ಆರಾಮ ಇದ್ದ ಕೈ ತೋರಸ್ತೀರೇನ್ರಿ ನೀವು?"

ಅಡುಗೆಮನೆಯಿಂದ ಅತ್ತಿ ಶಿವಕಾಂತಾ ಕೂಗಿ ಹೇಳಿದಳು: "ಹೌದವಾ, ಹಂಗ ಮಾಡ್ತಾರ. ಹೋದ ವರ್ಷ ಮೊಣಕಾಲ ನೋವು ಅಂತ ಹೋಗಿ, ಡಾಕ್ಟರ ಮುಂದ ಕುಣದು ತೋರಿಸಿ ಬಂದಾರ. ಭಾಜಿ ತಾ ಅಂದ್ರ ಕೊಳತಿದ್ದ ಬದನಿಕಾಯಿ ತರ್ತಾರ, ಲ್ಯಾಬಿಗೆ ಮಾತ್ರ ಪತ್ರಿ ಆರಿಸಿಧಂಗ ಆರಿಸ್ಯಾರ."

ರೇಣು ನಗಲಿಲ್ಲ. ತೊಟ್ಟಿನ ವಿಷಯವನ್ನು ಮೊದಲಿನಿಂದ, ಕ್ರಮವಾಗಿ, ಬಿಡಿಸಿ ಹೇಳಿದಳು: ವೈರಸ್ ಎಲ್ಲಿರುತ್ತದೆ, ಏಕೆ ಅಲ್ಲಿರುತ್ತದೆ, ತೊಟ್ಟು ಹೋದರೆ ಏನು ಹೋಗುತ್ತದೆ. ಶಂಕ್ರೆಪ್ಪ ತಲೆಯಾಡಿಸುತ್ತ ಕೇಳಿದ. ಕೊನೆಯಲ್ಲಿ, "ಅಂದ್ರ ವರದಿ ಸುಳ್ಳೇನು?" ಎಂದ.

"ಸುಳ್ಳಲ್ರಿ. ಖರೆ ಅದ. ನೀವು ಕೊಟ್ಟ ಎಲಿಯೊಳಗ ವೈರಸ್ ಇಲ್ಲ. ಆದ್ರ ನೀವು ಕೊಟ್ಟ ಎಲಿಗೂ ಆ ರೋಗಕ್ಕೂ ಸಂಬಂಧ ಇಲ್ಲ."

"ಖರೆ ಅದ ಅಂದಮ್ಯಾಲ ಮುಗೀತಲ್ಲವಾ," ಎಂದು ಶಂಕ್ರೆಪ್ಪ ಮತ್ತೆ ಫೋನನ್ನು ದೂರ ಹಿಡಿದ.

* * *

ಮುಗಿಯಲಿಲ್ಲ. ವರದಿಯ ಫೋಟೊ ನೋಡಿದ ಬಬನ್‌ರಾವ್ ಸಿಟ್ಟಿಗೆದ್ದು ಶನಿವಾರ ತಾನೇ ಮಾದರಿ ಕಳಿಸಿದ. ರಾಜಗುರುನಗರದ ಬಸ್ಸಿನಲ್ಲಿ ಬಂದ ಆ ಪ್ಲಾಸ್ಟಿಕ್ ಚೀಲವನ್ನು ರೇಣು ಈ ಸಲ ಯಾರ ನಿಯಮಕ್ಕೂ ಕಾಯದೆ ಬಾಗಿಲಲ್ಲೇ ತೆರೆದಳು. ಒಳಗಿದ್ದ ವಾಸನೆ ಮೊದಲು ಹೊರಗೆ ಬಂತು. ಹೊಲದಲ್ಲಿದ್ದ ಅತ್ಯಂತ ಕೆಟ್ಟ ಎಲೆಗಳನ್ನು, ಅಂಗಮಾರಿಗೆ ಕಪ್ಪಾಗಿ ಕೊಳೆತವನ್ನು, ಹುಳು ತಿಂದು ಜಾಲರಿಯಾದವನ್ನು, ಬೇರಿನ ಸಮೇತ ಕಿತ್ತ ಒಂದು ಇಡೀ ಗಿಡವನ್ನು ಅವನು ಒತ್ತಿ ಒತ್ತಿ ತುಂಬಿಸಿದ್ದ. ದಾರಿಯ ಬಿಸಿಲಿನಲ್ಲಿ ಅದೆಲ್ಲ ಬೆಂದು ಮುದ್ದೆಯಾಗಿತ್ತು.

ಕಿಶೋರ ಮೂಗು ಮುಚ್ಚಿಕೊಂಡು, "ಇದನ್ನೂ ಅರೆಯಲೆ?" ಎಂದು ಕೇಳಿದ.

ರೇಣು ಬಬನ್‌ರಾವನಿಗೆ ಫೋನ್ ಮಾಡಿ ಮರಾಠಿಯಲ್ಲಿ ಸೌಜನ್ಯದಿಂದಲೇ ಆರಂಭಿಸಿದಳು. ಕೊಳೆತ ಎಲೆಯಲ್ಲಿ ವೈರಸ್ ಉಳಿಯುವುದಿಲ್ಲ, ಅಂಗಮಾರಿ ಬೇರೆಯದೇ ರೋಗ, ಅದು ಶಿಲೀಂಧ್ರದಂಥ ಜೀವಿಯಿಂದ ಬರುತ್ತದೆ ಎಂದಳು.

"ಮ್ಯಾಡಮ್, ನಿಮ್ಮ ಮಾಮಾ ಒಳ್ಳೆಯ ಎಲೆ ಕೊಟ್ಟರು, ನೀವು ಏನೂ ಇಲ್ಲ ಅಂದಿರಿ," ಎಂದ ಬಬನ್‌ರಾವ್. "ಅದಕ್ಕೇ ನಾನು ಎಲ್ಲಕ್ಕಿಂತ ಕೆಟ್ಟದ್ದನ್ನು ಕಳಿಸಿದೆ. ಇದರಲ್ಲೂ ಏನೂ ಇಲ್ಲ ಅಂದರೆ ನಿಮ್ಮ ಯಂತ್ರವೇ ಹಾಳಾಗಿದೆ."

ರೇಣು ಫೋನ್ ಇಟ್ಟಳು. ಒಬ್ಬನು ದೇವರಿಗೆ ಏರಿಸುವಂಥದ್ದನ್ನು ಕಳಿಸುತ್ತಾನೆ, ಇನ್ನೊಬ್ಬನು ತಿಪ್ಪೆಗೆ ಹಾಕುವಂಥದ್ದನ್ನು. ಎರಡರ ನಡುವೆ, ಬದುಕಿರುವ, ರೋಗವಿರುವ, ತೊಟ್ಟಿರುವ ಒಂದು ಸಾದಾ ಎಲೆಯನ್ನು ತರಬಲ್ಲವರು ಪುಣೆ ಜಿಲ್ಲೆಯಲ್ಲಿ ಯಾರೂ ಇದ್ದಂತಿರಲಿಲ್ಲ.

"ನಾನೇ ಹೋಗುತ್ತೇನೆ," ಎಂದು ಅವಳು ಸ್ನೇಹಲ್ ಅವರಿಗೆ ಹೇಳಿದಳು. "ಎಲೆ ನಾನು ತರುತ್ತೇನೆ. ಗುರುತಿನ ಸಂಖ್ಯೆ ನೀವು ಹಾಕಿ. ಪರೀಕ್ಷೆ ಕಿಶೋರ ಮಾಡಲಿ. ಯಾವುದು ಎಲ್ಲಿಯದೆಂದು ಅವನಿಗೆ ತಿಳಿಯದಿರಲಿ. ಸಂಖ್ಯೆ ಬಿಡಿಸುವುದು ಫಲಿತಾಂಶ ಬಂದ ಮೇಲೆ."

"ಶುಕ್ರವಾರದೊಳಗೆ?"

"ಸೋಮವಾರ ತಂದರೆ ಗುರುವಾರ ಓದಬಹುದು."

"ಗುರುವಾರ," ಎಂದು ಸ್ನೇಹಲ್ ಏನನ್ನೋ ನೆನಪಿಸಿಕೊಳ್ಳುವವರಂತೆ ಹೇಳಿದರು. ಆದರೆ ಅಷ್ಟರಲ್ಲಿ ಅವರಿಗೆ ಫೋನ್ ಬಂತು.

* * *

ಶ್ರಾವಣದ ಕೊನೆಯ ಸೋಮವಾರ. ಶಂಕ್ರೆಪ್ಪ ತಾನೂ ಬರುವೆನೆಂದು ಕಾರು ತೆಗೆದ. ಭೀಮಾಶಂಕರಕ್ಕೆ ಹೋಗುವವರ ವಾಹನಗಳೂ ಚಾಕಣದ ಕಾರ್ಖಾನೆಗಳಿಗೆ ಹೋಗುವ ಬಸ್ಸುಗಳೂ ಒಂದೇ ರಸ್ತೆಯಲ್ಲಿ ಸಿಕ್ಕಿಕೊಂಡು, ಚಾಕಣ ಚೌಕದಲ್ಲಿ ಒಂದು ತಾಸು ಹೋಯಿತು. ರೇಣುವಿನ ಕಾಲ ಬಳಿ ಮಂಜುಗಡ್ಡೆಯ ಪೆಟ್ಟಿಗೆ, ಕಾಗದದ ಲಕೋಟೆಗಳು, ಸ್ಪಿರಿಟ್ಟಿನ ಬಾಟಲಿ. ಮುಂದೆ ನಿಂತಿದ್ದ ಟ್ರೇಲರಿನ ತುಂಬ ಹೊಸ ಕಾರುಗಳು; ಅವು ಕೂಡ ಚಲಿಸುತ್ತಿರಲಿಲ್ಲ.

"ರೇಣವ್ವಾ, ಒಂದ ಮಾತ ಕೇಳ್ಲಿ?"

"ಕೇಳ್ರಿ."

"ವೈರಸ್ ಅದ ಅಂತ ಬಂತು ಅಂತ ತಿಳಕೊ. ಅದು ಎಲ್ಲಿಂದ ಬಂತು ಅಂತ ಬರಿಯೂದು ನಿಮ್ಮ ಕಾಗದದಾಗ ಇರ್ತದೇನು?"

"ಇರೂದಿಲ್ರಿ. ಅದ ಅಥವಾ ಇಲ್ಲ, ಅಷ್ಟ. ಕೆಳಗ ಟಿಪ್ಪಣಿಗೆ ಜಾಗಾ ಇರ್ತದ. ಬರೀಲೇಬೇಕಂತ ಇಲ್ಲ."

"ಬರೀಲೇಬೇಕಂತ ಇಲ್ಲ," ಎಂದು ಶಂಕ್ರೆಪ್ಪ ಪುನರುಚ್ಚರಿಸಿ ಗೇರು ಬದಲಿಸಿದ. "ಹೇನಿಂದನೂ ಬರ್ತದಂತಲ್ಲ ಅದು. ಗಾಳಿಗುಂಟ ಹೇನು ಬಂದ್ರ ನನ್ನ ಬೀಜಾ ಏನ ಮಾಡ್ತದ ಪಾಪ. ಹೌದಿಲ್ಲೊ?"

"ಹೌದ್ರಿ. ಸಸ್ಯಹೇನಿಂದನೂ ಬರ್ತದ, ಬೀಜದ ಗಡ್ಡಿಯಿಂದನೂ ಬರ್ತದ. ಹ್ಯಾಂಗ ಬಂದ್ರೂ ವೈರಸ್ ಒಂದ."

"ಮತ್ತ ನಿಮಗರ ಹ್ಯಾಂಗ ಗೊತ್ತಾಗಬೇಕು? ಗೊತ್ತಾಗೂದಿಲ್ಲ. ಗೊತ್ತಿಲ್ಲದ್ದು ಬರೀಬಾರದು."

ಈ ಮಾತು ತರ್ಕಬದ್ಧವಾಗಿದ್ದುದರಿಂದಲೇ ರೇಣುವಿಗೆ ಹೆಚ್ಚು ಕಿರಿಕಿರಿಯಾಯಿತು. ಗೊತ್ತುಮಾಡಿಕೊಳ್ಳಲು ಒಂದು ದಾರಿಯಿತ್ತು. ಬೀಜದಿಂದಲೇ ಬಂದ ರೋಗ ಗಿಡದ ಬುಡದ ಎಲೆಗಳಲ್ಲಿ ಮೊದಲು ಕಾಣುತ್ತದೆ. ಹೇನು ತಂದ ರೋಗ ತುದಿಯ ಎಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ಅದು ಸೂಚನೆ ಮಾತ್ರ, ಪುರಾವೆಯಲ್ಲ. ಪುರಾವೆಗೆ ಬೇಕಾದದ್ದು ಅದೇ ಗಾಳಿ, ಅದೇ ಹೇನು, ಬೇರೆ ಬೀಜ ಇರುವ ಪಕ್ಕದ ಹೊಲ. ಆದರೆ ಬಬನ್‌ರಾವ್ ಮೊದಲ ದಿನದಿಂದ ಒಂದೇ ಮಾತು ಹೇಳುತ್ತ ಬಂದಿದ್ದ: ತನ್ನ ನೆಲದ ತುಂಬ ನಂದಿ ಬಿಯಾಣೆ.

* * *

ಹೊಲದ ಬದುವಿನಲ್ಲಿ ಬಬನ್‌ರಾವ್ ಟೊಪ್ಪಿಗೆ ಸರಿಪಡಿಸಿಕೊಂಡು ನಿಂತಿದ್ದ. ಸಿಟ್ಟು ಶಂಕ್ರೆಪ್ಪನನ್ನು ಕಂಡ ಕೂಡಲೇ ಮಾಯವಾಗಿ, "ರಾಮರಾಮ್ ಸೇಟ್, ಚಹಾ ಆಗಲಿ," ಎಂದ. ಚಹಾ ಆಮೇಲೆ ಎಂದು ರೇಣು ಬೂಟುಗಳಿಗೆ ಸ್ಪಿರಿಟ್ ಸಿಂಪಡಿಸಿಕೊಂಡು ಸಾಲುಗಳ ನಡುವೆ ಇಳಿದಳು.

ಹೊಲವನ್ನು ಅಡ್ಡಾದಿಡ್ಡಿ ಸುತ್ತಿ, ದಾರಿಯ ಪಕ್ಕದ ಗಿಡಗಳನ್ನು ಬಿಟ್ಟು, ಒಳಗಿನ ಕುಳ್ಳ ಗಿಡಗಳ ಬಳಿ ಕುಳಿತಳು. ಬುಡದ ಎಲೆಗಳು ಎರಡೂ ಅಂಚಿನಿಂದ ಮೇಲಕ್ಕೆ ಸುರುಳಿಯಾಗಿ ಪುಟ್ಟ ದೊನ್ನೆಗಳಂತಾಗಿದ್ದವು. ತುದಿಯ ಎಲೆಗಳು ಬಣ್ಣ ಕಳೆದುಕೊಂಡು ನಿಮಿರಿ ನಿಂತಿದ್ದವು, ಆದರೆ ಹೆಚ್ಚು ಮಡಚಿರಲಿಲ್ಲ. ಪ್ರತಿಯೊಂದು ಗಿಡದಿಂದ ಬುಡದ ಒಂದು ಎಲೆ, ತುದಿಯ ಒಂದು ಎಲೆ, ಎರಡೂ ತೊಟ್ಟಿನ ಸಮೇತ, ಬೇರೆ ಬೇರೆ ಲಕೋಟೆಗೆ ಹಾಕುತ್ತ ಹೋದಳು.

ಶಂಕ್ರೆಪ್ಪ ಧೋತರ ಎತ್ತಿಕೊಂಡು ಹಿಂದೆ ಬಂದ. "ನಾನೂ ಒಂದೀಟು ಹರದು ಕೊಡ್ತೀನಿ, ಜಲ್ದಿ ಆಗ್ತದ," ಎಂದು ಒಂದು ಎಲೆ ಕಿತ್ತು ಅವಳ ಕಡೆ ಚಾಚಿದ. ಚಾಚುವಷ್ಟರಲ್ಲಿ ಹೆಬ್ಬೆರಳಿನ ಉಗುರು ತಾನಾಗಿಯೇ ತೊಟ್ಟಿನ ಮೇಲೆ ಕೂತಿತ್ತು.

"ಮಾಮಾ, ಬೆರಳು."

ಅವನು ತನ್ನ ಬೆರಳನ್ನು ಬೇರೆಯವರದೆಂಬಂತೆ ನೋಡಿಕೊಂಡ. "ನಲವತ್ತು ವರ್ಷದ ರೂಢಿ ಅದ ಇದಕ್ಕ. ನಾ ಹೇಳಿದ್ರ ಕೇಳೂದಿಲ್ಲ."

"ನಿಮ್ಮ ಕೈ ಕಿಸೆದಾಗ ಇಟಗೊಳ್ರಿ. ಎರಡೂ."

ಧೋತರಕ್ಕೆ ಕಿಸೆಯಿರಲಿಲ್ಲ. ಶಂಕ್ರೆಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ರೇಣು ಅವನು ಕಿತ್ತ ಎಲೆಯನ್ನು ಕೆಳಗೆ ಹಾಕುವ ಮೊದಲು ಅಂಗೈಯಲ್ಲಿಟ್ಟು ಮೆಲ್ಲನೆ ಅದುಮಿದಳು. ಒಣಗಿದ ಹಪ್ಪಳ ಮುರಿದಂತೆ ಸದ್ದಾಯಿತು. ಎಲೆ ಹಸಿಯಾಗಿಯೇ ಇತ್ತು.

"ಅದೇನ ಸಪ್ಪಳ?" ಎಂದ ಶಂಕ್ರೆಪ್ಪ.

"ನಾಳ ಕಟ್ಟಿದಾವ. ಎಲಿಯೊಳಗ ಆಗಿದ್ದ ಸಕ್ಕರಿ ಕೆಳಗ ಗಡ್ಡಿಗೆ ಇಳಿದಿಲ್ಲ, ಇಲ್ಲೇ ಪಿಷ್ಟ ಆಗಿ ಕೂತದ. ಅದಕ್ಕ ಹಿಂಗ ಬಿರಸ."

ಅವನು ಬೆನ್ನ ಹಿಂದಿನ ಕೈ ಬಿಡಿಸಿ, ಬಗ್ಗಿ, ತಾನೇ ಬುಡದ ಎಲೆಯೊಂದನ್ನು ಕೀಳದೆ ಅದುಮಿದ. ಅದೂ ಸದ್ದು ಮಾಡಿತು. ಮುಂದಿನ ಗಿಡದ್ದನ್ನು ಅದುಮಿದ. ರೇಣು ಏನನ್ನೂ ವಿವರಿಸಲಿಲ್ಲ. ಬೀಜದ ವ್ಯಾಪಾರಿಗೆ ಬುಡದ ಎಲೆ, ತುದಿಯ ಎಲೆಗಳ ಲೆಕ್ಕ ಗೊತ್ತಿಲ್ಲದಿರುವುದು ಸಾಧ್ಯವಿರಲಿಲ್ಲ. ಗೊತ್ತಿದ್ದದ್ದನ್ನು ಒಂದು ವಾರ ಪತ್ರಿಯ ಕೆಳಗೆ ಮುಚ್ಚಿಟ್ಟುಕೊಂಡಿದ್ದ ಅಷ್ಟೆ.

ಆಗ ಅವಳ ಕಣ್ಣು ಬದುವಿನಾಚೆ ಹೋಯಿತು. ಅಲ್ಲಿಯೂ ಆಲೂಗಡ್ಡೆಯೇ. ಗಿಡಗಳು ಮೊಣಕಾಲೆತ್ತರಕ್ಕೆ ಹರಡಿ, ದಟ್ಟ ಹಸಿರಾಗಿದ್ದವು.

"ಬಬನ್‌ರಾವ್, ಅದು ಯಾರ ಹೊಲ?"

ಬಬನ್‌ರಾವ್ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಅದೂ ನಮ್ಮದೇ."

"ನಂದಿ ಬೀಜವೆ?"

ಬಬನ್‌ರಾವ್ ಮನೆಯ ಕಡೆ ಕೈ ಮಾಡಿದ. ಚಹಾ ಆರುತ್ತದೆ ಎಂದ.

"ಬಬನ್‌ರಾವ್."

"ಬೇರೆ," ಎಂದ ಅವನು ಕೊನೆಗೆ, ಶಂಕ್ರೆಪ್ಪನ ಮುಖ ನೋಡದೆ. "ಮಂಚರದ ಒಬ್ಬರ ಹತ್ತಿರ ತಂದದ್ದು. ಅದೇ ತಳಿ, ಬಿತ್ತಿದ್ದೂ ಅದೇ ವಾರ. ಸೇಟ್‌ಗೆ ಬೇಸರವಾಗಬಾರದು ಅಂತ ಹೇಳಲಿಲ್ಲ. ಇಷ್ಟು ವರ್ಷ ಅವರಲ್ಲೇ ತಂದು, ಈ ಸಲ ಅರ್ಧ ಬೇರೆ ಕಡೆ ಅಂದರೆ ಚಂದ ಕಾಣುವುದಿಲ್ಲ."

ರೇಣು ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡಳು. ಎರಡು ವಾರ. ಇಬ್ಬರೂ ಪರಸ್ಪರ ಆರೋಪ ಹೊರಿಸಿದ್ದರು, ಗುಂಪುಗಳಲ್ಲಿ ಹಂಗಿಸಿದ್ದರು, ಒಬ್ಬರ ಮೇಲೊಬ್ಬರು ಮಾದರಿ ಕಳಿಸಿದ್ದರು. ಇಡೀ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಹೊಲ ಬದುವಿನಾಚೆ ಬೆಳೆದು ನಿಂತಿತ್ತು. ಸಂಕೋಚಕ್ಕಾಗಿ ಯಾರೂ ಅದನ್ನು ಬಾಯಿಬಿಟ್ಟಿರಲಿಲ್ಲ.

"ಯಾರ ಕಡಿಂದ ತಗೊಂಡಿ?" ಎಂದು ಶಂಕ್ರೆಪ್ಪ ಕನ್ನಡದಲ್ಲೇ ಕೇಳಿದ, ಆಮೇಲೆ ಎಚ್ಚರಗೊಂಡು ಮರಾಠಿಯಲ್ಲಿ ಕೇಳಿದ. ಅವನ ದನಿಯಲ್ಲಿ ಮಡಚಿದ ಎಲೆಗಳ ಬಗ್ಗೆ ಒಂದು ವಾರದಿಂದ ಕಾಣದಿದ್ದ ನೋವು ಈಗ ಕಂಡಿತು.

"ಆ ಜಗಳಾ ಆಮ್ಯಾಲ ಆಡ್ರಿ," ಎಂದಳು ರೇಣು. ಕೈಗೆ, ಬೂಟಿಗೆ ಮತ್ತೊಮ್ಮೆ ಸ್ಪಿರಿಟ್ ಸಿಂಪಡಿಸಿಕೊಂಡು ಬದು ದಾಟಿ, ಎರಡನೆಯ ಹೊಲದಿಂದಲೂ ಅದೇ ಕ್ರಮದಲ್ಲಿ ಎಲೆಗಳನ್ನು ತೆಗೆದಳು. ಹೇನು ಗಾಳಿಗುಂಟ ಬಂದಿದ್ದರೆ ಈ ಬದು ಅದನ್ನು ತಡೆಯುವುದಿಲ್ಲ. ಎರಡೂ ಹೊಲಗಳಲ್ಲಿ ವೈರಸ್ ಸಿಕ್ಕರೆ ಶಂಕ್ರೆಪ್ಪನ ಮಾತು ಉಳಿಯುತ್ತದೆ. ಒಂದರಲ್ಲೇ ಸಿಕ್ಕರೆ ಉಳಿಯುವುದಿಲ್ಲ.

ವಾಪಸು ಬರುವಾಗ ಶಂಕ್ರೆಪ್ಪ ಚಾಕಣದವರೆಗೆ ನಿಧಾನವಾಗಿ ಕಾರು ಓಡಿಸಿದ. ಶೀತಗೃಹದ ತಿರುವು ಕಂಡಾಗ, "ಶುಕ್ರವಾರ ಮುಂಜಾನೆ ಲಾರಿ ಹಚ್ಚತಾರ," ಎಂದ.

"ಗುರುವಾರ ಸಂಜೀಕ ಹೇಳ್ತೀನ್ರಿ."

* * *

ಗುರುವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಕರೆಂಟು ಹೋಯಿತು. ಪುಣೆಯಲ್ಲಿ ಗುರುವಾರವೆಂದರೆ ದುರಸ್ತಿಗಾಗಿ ವಿದ್ಯುತ್ ನಿಲ್ಲಿಸುವ ದಿನ; ಕಳೆದ ವಾರ ಬೇರೆ ಬಡಾವಣೆಯ ಸರದಿಯಿತ್ತು, ಈ ವಾರ ಇವರದು. ಸ್ನೇಹಲ್ ಶನಿವಾರ ನೆನಪಿಸಿಕೊಳ್ಳಲು ಹೊರಟದ್ದು ಇದನ್ನೇ. ಜನರೇಟರು ಫ್ರಿಜ್ಜುಗಳಿಗೆ ಮಾತ್ರ ಸಾಕಾಗುತ್ತಿತ್ತು. ಪರೀಕ್ಷೆಯ ತಟ್ಟೆಯನ್ನು ಬೆಚ್ಚಗಿಡುವ ಪೆಟ್ಟಿಗೆಯೂ ಬಣ್ಣ ಓದುವ ಯಂತ್ರವೂ ಸಂಜೆಯವರೆಗೆ ಸುಮ್ಮನೆ ಕುಳಿತವು. ಕಿಶೋರ ತಟ್ಟೆಯನ್ನು ಮುಚ್ಚಿ ತಂಪಿನಲ್ಲಿಟ್ಟ. ಕೊನೆಯ ಹಂತ ಶುಕ್ರವಾರಕ್ಕೆ ಹೋಯಿತು.

"ಒಂದ ದಿನಾ ಲಾರಿ ನಿಂದ್ರಸ್ರಿ," ಎಂದು ರೇಣು ಸಂಜೆ ಫೋನಿನಲ್ಲಿ ಹೇಳಿದಳು.

"ನಿಮ್ಮ ಕರೆಂಟ ಹೋದ್ರ ನನ್ನ ಲಾರಿ ಯಾಕ ನಿಂದ್ರಬೇಕವಾ?" ಎಂದ ಶಂಕ್ರೆಪ್ಪ. ಸಿಟ್ಟಿನಿಂದಲ್ಲ, ಸೋತವರ ಹಟದಿಂದ. ಹೌದೆಂದೂ ಇಲ್ಲವೆಂದೂ ಹೇಳದೆ ಫೋನಿಟ್ಟ. ಶುಕ್ರವಾರ ರೇಣು ಏಳುವ ಹೊತ್ತಿಗೆ ಅವನು ಪೂಜೆ ಮುಗಿಸಿ ಚಾಕಣಕ್ಕೆ ಹೊರಟುಹೋಗಿದ್ದ. ತಾಮ್ರದ ತಟ್ಟೆಯಲ್ಲಿ ಮುರಿದ ತೊಟ್ಟುಗಳು ಮಾತ್ರ ಉಳಿದಿದ್ದವು.

ಹತ್ತೂವರೆಗೆ ಕಿಶೋರ ಕೊನೆಯ ದ್ರಾವಣವನ್ನು ಪರೀಕ್ಷೆಯ ತಟ್ಟೆಯ ಗುಳಿಗಳಿಗೆ ಹನಿಸಿದ. ವೈರಸ್ ಇದ್ದ ಗುಳಿ ಹಳದಿಯಾಗುತ್ತದೆ, ಇಲ್ಲದ್ದು ನೀರಿನಂತೆ ಉಳಿಯುತ್ತದೆ. ರೇಣು ದೂರದ ಮೇಜಿನ ಬಳಿ ಕೈಕಟ್ಟಿ ನಿಂತಳು. ನೋಡಬಾರದೆಂದು ತಾನೇ ಮಾಡಿದ ನಿಯಮ. ಆರೋಗ್ಯವಂತ ಗಿಡದ ರಸವಿದ್ದ ಗುಳಿಗಳು ತಿಳಿಯಾಗಿಯೇ ಇವೆ, ರೋಗವಿದೆಯೆಂದು ಮೊದಲೇ ಗೊತ್ತಿದ್ದ ಗುಳಿಗಳು ಹಳದಿಯಾಗಿವೆ, ಆದ್ದರಿಂದ ಪರೀಕ್ಷೆ ಸರಿಯಿದೆ ಎಂದು ಕಿಶೋರ ಕೂಗಿ ಹೇಳಿದ. ಮಿಕ್ಕವುಗಳ ಅಂಕಿಗಳನ್ನು ಯಂತ್ರ ಓದಿತು. ಸ್ನೇಹಲ್ ತಮ್ಮ ಕಪಾಟಿನಿಂದ ಸಂಖ್ಯೆಗಳ ಹಾಳೆ ತೆಗೆದು ಒಂದೊಂದನ್ನೇ ಹೊಲಕ್ಕೆ, ಎಲೆಗೆ ಹೊಂದಿಸಿದರು. ಆಲೂಗಡ್ಡೆಗೆ ತಗಲುವ ಇನ್ನೆರಡು ವೈರಸ್ಸುಗಳಾದ ಎಕ್ಸ್ ಆಗಲಿ ವೈ ಆಗಲಿ ಎಲ್ಲಿಯೂ ಇರಲಿಲ್ಲ. ಎಲೆಸುರುಳಿಯ ಸಾಲನ್ನು ನೋಡಿ ಹಾಳೆಯನ್ನು ರೇಣುವಿನ ಕಡೆ ತಿರುಗಿಸಿದರು.

ರೇಣು ಎರಡು ಸಲ ಓದಿದಳು. ಎರಡನೆಯ ಸಲ ಓದುವ ಅಗತ್ಯವಿರಲಿಲ್ಲ.

"ಟಿಪ್ಪಣಿಯ ಜಾಗ ಖಾಲಿ ಬಿಡಬಹುದು," ಎಂದರು ಸ್ನೇಹಲ್, ದಯೆಯಿಂದ. "ಯಾರೂ ತುಂಬುವುದಿಲ್ಲ. ನಿಯಮವೂ ಕೇಳುವುದಿಲ್ಲ."

"ಕಳೆದ ಸಲ ನಿಯಮ ಕೇಳಿದಷ್ಟೇ ಬರೆದೆವು ಮೇಡಂ," ಎಂದಳು ರೇಣು. "ಆ ಫೋಟೊ ಇನ್ನೂ ಸುತ್ತುತ್ತಿದೆ."

ಟಿಪ್ಪಣಿ ಬರೆದಳು. ಸ್ನೇಹಲ್ ಓದಿ, ಒಂದು ಅಲ್ಪವಿರಾಮ ತೆಗೆದು, ಸಹಿ ಮಾಡಿದರು. ಫೋನು ಎರಡನೆಯ ಸಲ ರಿಂಗಾಗುವಷ್ಟರಲ್ಲಿ ಶಂಕ್ರೆಪ್ಪ ಎತ್ತಿದ. ಹಿಂದೆ ಲಾರಿಗಳ ಎಂಜಿನ್ನುಗಳ ಸದ್ದು.

"ಮಾಮಾ, ಎಲ್ಲಿದ್ದೀರಿ?"

"ಗೇಟಿನ ಮುಂದ. ನನ್ನ ಕಾರು ಅಡ್ಡ ಹಚ್ಚೇನಿ. ಡ್ರೈವರಗೋಳು ಹಾರ್ನ್ ಬಡದು ಬಡದು ಸಾಕಾಗಿ ಈಗ ಚಹಾ ಕುಡ್ಯಾಕ ಹೋಗ್ಯಾರ. ಸೇಟ್‌ಗೆ ತಲಿ ಕೆಟ್ಟದ ಅನ್ನಾಕತ್ತಾರ."

"ನಿನ್ನೆನ ಹೇಳಿದ್ರ ಆಗೂದಿಲ್ಲೇನ್ರಿ, ನಿಂದ್ರಸ್ತೀನಿ ಅಂತ? ನಾ ರಾತ್ರೆಲ್ಲ..."

"ನಿನ್ನೆ ಗೊತ್ತಿರಲಿಲ್ಲವಾ. ಇಲ್ಲಿ ಬಂದಮ್ಯಾಲ ಹಚ್ಚಿದೆ." ದನಿ ತಗ್ಗಿಸಿದ. "ಬಂತೇನು?"

"ಬಂದದ."

"ಓದು. ಹೆಸರಷ್ಟ ಅಲ್ಲ. ಕೆಳಗ ಜಾಗಾ ಇರ್ತದ ಅಂದಿದ್ದೆಲ್ಲ, ಅಲ್ಲಿ ಏನ ಬರದೀರಿ ಅದನ್ನೂ ಓದು."

ವರದಿ ಇಂಗ್ಲಿಷಿನಲ್ಲಿತ್ತು. ಅವಳು ಅದನ್ನು ಕನ್ನಡದಲ್ಲಿ, ನಿಧಾನವಾಗಿ, ಒಂದು ಪದವನ್ನೂ ಬಿಡದೆ ಓದಿದಳು:

"ಮೊದಲನೆಯ ಹೊಲ, ನಂದಿ ಬೀಜ: ಬುಡದ ಎಲೆಗಳಲ್ಲಿ ಆಲೂಗಡ್ಡೆ ಎಲೆಸುರುಳಿ ವೈರಸ್ ಇದೆ, ತುದಿಯ ಎಲೆಗಳಲ್ಲಿಯೂ ಇದೆ. ಎರಡನೆಯ ಹೊಲ, ಬೇರೆ ಬೀಜ: ಬುಡದ ಎಲೆಗಳಲ್ಲಿ ಇಲ್ಲ, ತುದಿಯ ಎಲೆಗಳಲ್ಲಿಯೂ ಇಲ್ಲ. ಟಿಪ್ಪಣಿ: ಸೋಂಕು ಬಂದಿರುವುದು ಬಿತ್ತನೆ ಗೆಡ್ಡೆಯಿಂದ."